ಒಂಟಿ ಅಲೆ ಹುಡುಕುವವರಿಗೆ ಸಿಡಿಎವೆಬ್ ಎಷ್ಟು ಉಪಯುಕ್ತ?

ಉಪಗ್ರಹಗಳು ಬಾಹ್ಯಾಕಾಶದ ಪ್ಲಾಸ್ಮಾದಲ್ಲಿ, ಅಂದರೆ ವಿದ್ಯುದಾವೇಶವುಳ್ಳ ಕಣಗಳ ಅನಿಲದಲ್ಲಿ, ಅಳೆದು ಕಳಿಸಿದ ದತ್ತಾಂಶವನ್ನು ಯಾರು ಬೇಕಾದರೂ ತೆರೆದು ನೋಡಬಹುದಾದ ಜಾಲತಾಣ ಸಿಡಿಎವೆಬ್. ನಡೆಸುವುದು ನಾಸಾದ ಗೊಡಾರ್ಡ್ ಕೇಂದ್ರ. ಖಾತೆ ತೆರೆಯಬೇಕಾಗಿಲ್ಲ, ಹಣ ಕಟ್ಟಬೇಕಾಗಿಲ್ಲ. ಎಂ.ಎಸ್ಸಿ. ವಿದ್ಯಾರ್ಥಿಗಳ ಪ್ರಾಜೆಕ್ಟ್ ನೋಡಿಕೊಳ್ಳುವ ಅಧ್ಯಾಪಕನಾದ ನಾನು ಅದನ್ನು ಬಳಸುವುದು ಬಹುಮಟ್ಟಿಗೆ ಒಂದೇ ಕೆಲಸಕ್ಕೆ: ಸ್ಥಿರವಿದ್ಯುತ್ ಒಂಟಿ ಅಲೆಗಳನ್ನು, ಅಂದರೆ ಎಲೆಕ್ಟ್ರೋಸ್ಟ್ಯಾಟಿಕ್ ಸಾಲಿಟರಿ ವೇವ್‌ಗಳನ್ನು, ಹುಡುಕಿ ತೋರಿಸುವುದಕ್ಕೆ. ಈ ವಿಮರ್ಶೆಯೂ ಅಷ್ಟಕ್ಕೇ ಸೀಮಿತ.

ಭೂಮಿಯ ಕಾಂತಕ್ಷೇತ್ರದ ಹಿಡಿತವಿರುವ ಪ್ರದೇಶವೇ ಭೂಕಾಂತಗೋಲ. ಸೂರ್ಯನಿಗೆ ವಿರುದ್ಧ ದಿಕ್ಕಿನಲ್ಲಿ ಚಾಚಿರುವ ಅದರ ಬಾಲದಲ್ಲಿ ಕಾಣುವ, ಬಹಳಷ್ಟು ಆವರ್ತನಗಳಲ್ಲಿ ಹರಡಿಕೊಂಡ ವಿದ್ಯುತ್ ಸದ್ದೊಂದು 1970ರ ದಶಕದಿಂದಲೇ ವಿಜ್ಞಾನಿಗಳಿಗೆ ಗೊತ್ತಿತ್ತು. 1992ರಲ್ಲಿ ಉಡಾವಣೆಯಾದ ಜಿಯೋಟೈಲ್ ನೌಕೆ ಬರಿಯ ವರ್ಣಪಟಲವನ್ನಲ್ಲದೆ ಅಲೆಯ ಆಕಾರವನ್ನೇ ದಾಖಲಿಸಿದ್ದರಿಂದ, ಆ ಸದ್ದು ಒಂದರ ಹಿಂದೊಂದು ಬರುವ ಬಿಡಿ ಮಿಡಿತಗಳ ಸಾಲು ಎಂಬುದನ್ನು ಕ್ಯೋಟೋದ ಹಿರೋಷಿ ಮತ್ಸುಮೊಟೊ ಮತ್ತು ಸಂಗಡಿಗರು 1994ರಲ್ಲಿ ತೋರಿಸಿಕೊಟ್ಟರು. ಪ್ರತಿ ಮಿಡಿತದಲ್ಲಿ ಕಾಂತಕ್ಷೇತ್ರಕ್ಕೆ ಸಮಾಂತರವಾದ ವಿದ್ಯುತ್ ಕ್ಷೇತ್ರ ಒಮ್ಮೆ ಮೇಲೇರಿ, ಸೊನ್ನೆಯನ್ನು ದಾಟಿ, ಹೆಚ್ಚುಕಡಿಮೆ ಅಷ್ಟೇ ಕೆಳಗಿಳಿದು ಸುಮ್ಮನಾಗುತ್ತದೆ. ಈ ಮಿಡಿತಗಳೇ ಒಂಟಿ ಅಲೆಗಳು; ಒಂದೊಂದೂ ಕೆಲವೇ ಮಿಲಿಸೆಕೆಂಡುಗಳ ಆಟ.

ಈ ಕಾರಣಕ್ಕೇ ಇಲ್ಲಿ ಯಾವ ಕಡತವನ್ನು ಆರಿಸುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. 2015ರ ಮಾರ್ಚಿನಲ್ಲಿ ಉಡಾವಣೆಯಾದ, ನಾಸಾದ ಎಂಎಂಎಸ್ (ಮ್ಯಾಗ್ನೆಟೊಸ್ಫೆರಿಕ್ ಮಲ್ಟಿಸ್ಕೇಲ್) ಯೋಜನೆಯ ನಾಲ್ಕು ನೌಕೆಗಳ ವಿದ್ಯುತ್ ಕ್ಷೇತ್ರದ ದತ್ತಾಂಶ ಸಿಡಿಎವೆಬ್‌ನ ಪಟ್ಟಿಯಲ್ಲಿ ಫಾಸ್ಟ್, ಬರ್ಸ್ಟ್ ಮುಂತಾದ ಹೆಸರುಗಳಲ್ಲಿ ಸಿಗುತ್ತದೆ. ಮೊದಲ ಸಲ ನಾನು ಹೆಸರಿಗೆ ಮರುಳಾಗಿ ಫಾಸ್ಟ್ ಆರಿಸಿ, ಒಂದಿಡೀ ಸಂಜೆ ಸಪಾಟಾದ ಗೆರೆಯನ್ನು ನೋಡುತ್ತ ಕುಳಿತಿದ್ದೆ, ತಪ್ಪು ನನ್ನದೇ. ಫಾಸ್ಟ್‌ನಲ್ಲಿ ಸೆಕೆಂಡಿಗೆ 32 ಅಳತೆಗಳು ಮಾತ್ರ, ಅಂದರೆ ಎರಡು ಅಳತೆಗಳ ನಡುವೆ 31 ಮಿಲಿಸೆಕೆಂಡು. ಅಷ್ಟರೊಳಗೆ ಅಲೆ ಬಂದು ಹೋಗಿರುತ್ತದೆ. ಬರ್ಸ್ಟ್‌ನಲ್ಲಿ ಸೆಕೆಂಡಿಗೆ 8,192 ಅಳತೆಗಳು. ಆದರೆ ಇದು ದಿನವಿಡೀ ಇರುವುದಿಲ್ಲ, ಆಯ್ದ ತುಣುಕುಗಳಿಗೆ ಮಾತ್ರ ಲಭ್ಯ.

2017ರ ಜುಲೈ ತಿಂಗಳಲ್ಲಿ ನೌಕೆಗಳು ಬಾಲದ ಕಡೆಯಲ್ಲಿದ್ದಾಗಿನ ಒಂದು ಬರ್ಸ್ಟ್ ತುಣುಕನ್ನು ತೆರೆದಾಗ ಒಂದು ನಿಮಿಷದ ಚಿತ್ರದಲ್ಲಿ ಕಂಡಿದ್ದು ಕಪ್ಪು ಮಸಿ ಬಳಿದಂಥ ಪಟ್ಟಿ. ಚಿತ್ರ ಸ್ಥಿರವಾದುದರಿಂದ ಬೆರಳಿನಿಂದ ಹಿಗ್ಗಿಸಿ ನೋಡುವಂತಿಲ್ಲ. ಆರಂಭ ಮತ್ತು ಅಂತ್ಯದ ಸಮಯವನ್ನು ಮತ್ತೆ ಮತ್ತೆ ಬದಲಿಸಿ, ಹೊಸದಾಗಿ ಚಿತ್ರ ಬರೆಸಬೇಕು. ಒಂದು ನಿಮಿಷದಿಂದ ಒಂದು ಸೆಕೆಂಡಿಗೆ, ಅಲ್ಲಿಂದ ಅದರ ಹತ್ತನೆಯ ಒಂದು ಭಾಗಕ್ಕೆ ಇಳಿದಾಗ ಮಸಿ ಬಿಡಿಬಿಡಿಯಾಗಿ, ಅಡ್ಡ ಮಲಗಿಸಿದ ಎಸ್ ಅಕ್ಷರದಂಥ ಮಿಡಿತಗಳು ಸ್ಪಷ್ಟವಾದವು. ಎರಡು ಮಿಲಿಸೆಕೆಂಡಿನ ಒಂದು ಮಿಡಿತಕ್ಕೆ ಸುಮಾರು 16 ಬಿಂದುಗಳು ಸಿಗುತ್ತವೆ. ಕಾಂತಕ್ಷೇತ್ರಕ್ಕೆ ಸಮಾಂತರವಾದ ಘಟಕವನ್ನು, ಅದರ ಅನಿಶ್ಚಿತತೆಯೊಂದಿಗೆ, ಪ್ರತ್ಯೇಕ ಚರವಾಗಿ ಕೊಟ್ಟಿರುವುದು ವಿದ್ಯಾರ್ಥಿಗಳಿಗೆ ದೊಡ್ಡ ಉಪಕಾರ, ಏಕೆಂದರೆ ಅಕ್ಷಗಳನ್ನು ತಿರುಗಿಸುವ ಲೆಕ್ಕದಲ್ಲೇ ಅವರ ಮೊದಲ ವಾರ ಕಳೆದುಹೋಗುತ್ತಿತ್ತು. ದತ್ತಾಂಶವನ್ನು ಧ್ವನಿಯಾಗಿಸುವ ಸೌಲಭ್ಯವೂ ಇದೆ. ಆಟಿಕೆಯೆಂದು ಮೊದಲು ಕಡೆಗಣಿಸಿದ್ದೆ. ಈ ತುಣುಕನ್ನು ಕೇಳಿದಾಗ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಕೇಳಿಸಿತು, ಮತ್ತು ಅದು ಮತ್ಸುಮೊಟೊ ಹೇಳಿದ್ದನ್ನು ಯಾವ ಉಪನ್ಯಾಸಕ್ಕಿಂತ ಚೆನ್ನಾಗಿ ತರಗತಿಗೆ ತಿಳಿಸಿತು.

ಇದಕ್ಕಿಂತ ಮುಂದೆ ಹೋಗಬೇಕೆಂದರೆ ಸಿಡಿಎವೆಬ್ ಸಾಲದು. ಮಿಡಿತದ ಚಿತ್ರ ನೋಡಿದೊಡನೆ ಅದು ಧನ ವಿಭವದ ಎಲೆಕ್ಟ್ರಾನ್ ಕುಳಿಯೇ, ಅಂದರೆ ಎಲೆಕ್ಟ್ರಾನ್‌ಗಳು ವಿರಳವಾದ ಪುಟ್ಟ ತಾಣವೇ, ಎಂದು ಹೇಳಲಾಗದು. ಅಲೆ ಕಾಂತಕ್ಷೇತ್ರದ ದಿಕ್ಕಿನಲ್ಲಿ ಹೋಯಿತೇ, ಎದುರಾಗಿ ಹೋಯಿತೇ ಎಂಬುದೂ ಗೊತ್ತಾಗಬೇಕು. ಅದಕ್ಕೆ ಅಲೆ ಎಲ್ಲಿಗೆ ಮೊದಲು, ಎಲ್ಲಿಗೆ ಆಮೇಲೆ ತಲುಪಿತು ಎಂದು ನೋಡಬೇಕು. ವಿದ್ಯುತ್ ಕ್ಷೇತ್ರ ಅಳೆಯಲು ಎಂಎಂಎಸ್ ನೌಕೆಯಿಂದ ಚಾಚಿರುವ ತಂತಿಗಳು ತಲಾ 60 ಮೀಟರ್ ಉದ್ದ. ಸೆಕೆಂಡಿಗೆ 1,000 ಕಿ.ಮೀ. ವೇಗದ ಅಲೆ ಅಷ್ಟು ದೂರವನ್ನು 0.06 ಮಿಲಿಸೆಕೆಂಡಿನಲ್ಲಿ ದಾಟುತ್ತದೆ, ಅಳತೆಗಳ ನಡುವಿನ ಅಂತರವೇ 0.12 ಮಿಲಿಸೆಕೆಂಡು. ಅದೇ ಅಲೆ ಹತ್ತು ಕಿಲೋಮೀಟರ್ ಆಚೆಗಿನ ಇನ್ನೊಂದು ನೌಕೆಯಲ್ಲೂ ಗುರುತು ಸಿಕ್ಕರೆ ಹತ್ತು ಮಿಲಿಸೆಕೆಂಡಿನ ವ್ಯತ್ಯಾಸ ಆರಾಮವಾಗಿ ಅಳೆಯಲು ಬರುತ್ತದೆ. ಆ ಹೋಲಿಕೆಗೆ ಮೂಲ ಕಡತಗಳನ್ನು ಇಳಿಸಿಕೊಂಡು ಪೈಥಾನ್‌ನಲ್ಲಿ ಕೂರಲೇಬೇಕು. ನಮ್ಮೂರಿನ ಇಂಟರ್ನೆಟ್ ಸೇವೆಯವರ ಕೃಪೆಯಿಂದ ಒಂದು ಕಡತ ಮೂರು ಸಲ ಅರ್ಧಕ್ಕೇ ನಿಂತಿತು. ಬೇಕಾದಷ್ಟೇ ಸಮಯವನ್ನು ಸಂಖ್ಯೆಗಳ ಪಟ್ಟಿಯಾಗಿ ಪಡೆಯುವ ಆಯ್ಕೆ ಆಗ ಕೈಹಿಡಿಯಿತು.

ಆದಿತ್ಯ-ಎಲ್1ರ ದತ್ತಾಂಶದಲ್ಲೇ ಇದನ್ನು ಮಾಡಬಾರದೇ ಎಂದು ವಿದ್ಯಾರ್ಥಿಗಳು ಪ್ರತಿವರ್ಷ ಕೇಳುತ್ತಾರೆ. ಆ ನೌಕೆಯಲ್ಲಿ ಕಣಗಳನ್ನೂ ಕಾಂತಕ್ಷೇತ್ರವನ್ನೂ ಅಳೆಯುವ ಉಪಕರಣಗಳಿವೆ, ವಿದ್ಯುತ್ ಕ್ಷೇತ್ರ ಅಳೆಯುವುದಿಲ್ಲ. ಆದ್ದರಿಂದ ಸದ್ಯಕ್ಕೆ ಅವರಿಗೆ ನಾನು ಬರೆದುಕೊಡುವುದು ಸಿಡಿಎವೆಬ್‌ನ ವಿಳಾಸವನ್ನು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಬರ್ಸ್ಟ್ ಎಂಬ ಒಂದು ಪದವನ್ನು.