ಫೆಡೋರಾ ಕಾಪರ್: ಹೊಸ ಆವೃತ್ತಿಯ ಹೊಸ್ತಿಲಲ್ಲಿ ನೆಚ್ಚಬಹುದಾದ ಸೇವೆ, ಒಂದು ಎಚ್ಚರಿಕೆಯೊಂದಿಗೆ

ಫೆಡೋರಾ ಲಿನಕ್ಸ್ ಸುಮಾರು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿಯನ್ನು ಹೊರತರುವುದರಿಂದ, ಅದರ ಅಧಿಕೃತ ರೆಪೊಸಿಟರಿಯಲ್ಲಿ (ತಂತ್ರಾಂಶ ಭಂಡಾರದಲ್ಲಿ) ಇಲ್ಲದ ತಂತ್ರಾಂಶಗಳನ್ನು ಆರ್‌ಪಿಎಂ ಎಂಬ ಪ್ಯಾಕೇಜ್ ರೂಪದಲ್ಲಿ ಒದಗಿಸುವವರಿಗೆ, ಅವನ್ನು ಹೊಸ ಆವೃತ್ತಿಗೆ ಸಿದ್ಧಪಡಿಸುವ ಅದೇ ಕೆಲಸ ವರ್ಷಕ್ಕೆ ಎರಡು ಬಾರಿ ಎದುರಾಗುತ್ತದೆ. ಅಂಥವರಿಗಾಗಿ ಫೆಡೋರಾ ಸಮುದಾಯ ಉಚಿತವಾಗಿ ನಡೆಸುತ್ತಿರುವ ಬಿಲ್ಡ್ ಸೇವೆಯೇ, ಅಂದರೆ ಮೂಲ ಕೋಡ್‌ನಿಂದ ಪ್ಯಾಕೇಜ್ ಕಟ್ಟಿಕೊಡುವ ಸೇವೆಯೇ, ಕಾಪರ್. ಫೆಡೋರಾ ಖಾತೆ ಇದ್ದವರು ಯಾರಾದರೂ ಪ್ರಾಜೆಕ್ಟ್ ತೆರೆಯಬಹುದು. ಆದರೆ ಫೆಡೋರಾದ ಪರವಾನಗಿ ನಿಯಮಗಳು ಇಲ್ಲಿಯೂ ಅನ್ವಯಿಸುವುದರಿಂದ ಮುಚ್ಚಿದ ಮೂಲದ ತಂತ್ರಾಂಶಕ್ಕೆ ಜಾಗವಿಲ್ಲ.

ಫೆಡೋರಾದ ಅಭಿವೃದ್ಧಿ ಶಾಖೆಯಾದ ರಾಹೈಡ್‌ನಿಂದ ಹೊಸ ಆವೃತ್ತಿ ಕವಲೊಡೆಯುವುದು ಸಾಮಾನ್ಯವಾಗಿ ಫೆಬ್ರವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ. ಪ್ರಾಜೆಕ್ಟ್‌ನ ಸೆಟ್ಟಿಂಗ್ಸ್‌ನಲ್ಲಿ ಈ ಕವಲನ್ನು ಹಿಂಬಾಲಿಸುವ ಆಯ್ಕೆಗೆ ಗುರುತು ಹಾಕಿಟ್ಟರೆ, ರಾಹೈಡ್‌ಗಾಗಿ ಯಶಸ್ವಿಯಾಗಿ ಬಿಲ್ಡ್ ಆದ ಪ್ಯಾಕೇಜ್‌ಗಳನ್ನು ಕಾಪರ್ ತಾನೇ ಹೊಸ ಆವೃತ್ತಿಗೂ ನಕಲಿಸುತ್ತದೆ. ಹೆಚ್ಚಿನವರು ಈ ಸೇವೆಯನ್ನು ಮೆಚ್ಚುವುದು ಇದೇ ಸೌಲಭ್ಯಕ್ಕಾಗಿ, ಮೋಸ ಹೋಗುವುದೂ ಇಲ್ಲಿಯೇ. ಏಕೆಂದರೆ ನಡೆಯುವುದು ನಕಲೇ ಹೊರತು ಮರು ಬಿಲ್ಡ್ ಅಲ್ಲ. ಪೈಥಾನ್ 3.13 ಇದ್ದ ಕಾಲದಲ್ಲಿ ಬಿಲ್ಡ್ ಆದ ಒಂದು ಪೈಥಾನ್ ಪ್ಯಾಕೇಜ್ ಆ ಆವೃತ್ತಿಯ ಸೈಟ್-ಪ್ಯಾಕೇಜಸ್ ಫೋಲ್ಡರ್‌ನಲ್ಲೇ ತನ್ನ ಕಡತಗಳನ್ನು ಇಡುತ್ತದೆ, ಆ ಆವೃತ್ತಿಯನ್ನೇ ಅವಲಂಬನೆಯಾಗಿ ಕೇಳುತ್ತದೆ, ಪೈಥಾನ್ 3.14 ಹೊತ್ತು ಬಂದ ಫೆಡೋರಾ 43ಕ್ಕೆ ಅದನ್ನು ಹಾಗೆಯೇ ಸಾಗಿಸಿದರೆ ಅದು ಇನ್‌ಸ್ಟಾಲ್ ಆಗುವುದಿಲ್ಲ. ಪ್ರಾಜೆಕ್ಟ್ ಪುಟದಲ್ಲಿ ಮಾತ್ರ ಎಲ್ಲವೂ ಹಸಿರಾಗಿಯೇ, ಅಂದರೆ ಯಶಸ್ವಿಯಾದಂತೆಯೇ, ಕಾಣುತ್ತಿರುತ್ತದೆ.

ಆದ್ದರಿಂದ ಕವಲೊಡೆಯುವ ಮೊದಲೇ ಎಲ್ಲವನ್ನೂ ರಾಹೈಡ್‌ನಲ್ಲಿ ಹೊಸದಾಗಿ ಬಿಲ್ಡ್ ಮಾಡಿ ನೋಡುವುದೇ ನಿಜವಾದ ಸಿದ್ಧತೆ, ಮತ್ತು ಈ ಕೆಲಸಕ್ಕೆ ಕಾಪರ್‌ನಷ್ಟು ಅನುಕೂಲವಾದ ಉಚಿತ ಸಾಧನ ಆರ್‌ಪಿಎಂ ಲೋಕದಲ್ಲಿ ವಿರಳ. ಪ್ರತಿ ಬಿಲ್ಡ್ ಮಾಕ್ ಎಂಬ ಉಪಕರಣದ ಮೂಲಕ ಶುದ್ಧ ಪರಿಸರದಲ್ಲಿ ನಡೆಯುವುದರಿಂದ, ನಮ್ಮ ಗಣಕದಲ್ಲಿ ಅಕಸ್ಮಾತ್ತಾಗಿ ಇದ್ದ ಲೈಬ್ರರಿಯೊಂದು ಸ್ಪೆಕ್ ಫೈಲ್‌ನ (ಪ್ಯಾಕೇಜ್ ಕಟ್ಟುವ ಸೂಚನೆಗಳ ಕಡತದ) ಕೊರತೆಯನ್ನು ಮುಚ್ಚಿಹಾಕುವ ಸಾಧ್ಯತೆ ಇಲ್ಲ. ಲಾಗ್ ಅನ್ನು ಬಿಲ್ಡ್ ನಡೆಯುತ್ತಿರುವಾಗಲೇ ಓದಬಹುದು. ಫೆಡೋರಾ 42ರೊಂದಿಗೆ ಬಂದ ಜಿಸಿಸಿ 15 ಇದಕ್ಕೆ ಒಳ್ಳೆಯ ಪರೀಕ್ಷೆಯಾಗಿತ್ತು: ಆ ಕಂಪೈಲರ್ ಸಿ ಭಾಷೆಯ ಸಿ23 ಮಾನಕವನ್ನೇ ಪೂರ್ವನಿಯೋಜಿತವಾಗಿ ಪಾಲಿಸುವುದರಿಂದ, 'ಬೂಲ್' ಎಂಬ ಹೆಸರನ್ನು ತಾವೇ ವ್ಯಾಖ್ಯಾನಿಸಿಕೊಂಡಿದ್ದ, ಅಥವಾ ಫಂಕ್ಷನ್‌ನ ಆವರಣವನ್ನು ಖಾಲಿ ಬಿಟ್ಟು ಮುಂದೆ ಅದಕ್ಕೆ ಆರ್ಗ್ಯುಮೆಂಟ್ ಕಳುಹಿಸುತ್ತಿದ್ದ ಹಳೆಯ ಸಿ ಕೋಡ್ ಕಂಪೈಲ್ ಆಗದೆ ನಿಲ್ಲುತ್ತದೆ. ಸ್ಪೆಕ್ ಫೈಲ್‌ನಲ್ಲಿ ಹಳೆಯ ಮಾನಕವನ್ನು ಕಂಪೈಲರ್‌ಗೆ ಸೂಚಿಸಿ ತಾತ್ಕಾಲಿಕವಾಗಿ ಪಾರಾಗಬಹುದಾದರೂ, ಮೂಲ ಲೇಖಕರಿಗೆ ಪ್ಯಾಚ್ ಕಳುಹಿಸುವುದೇ ಲೇಸು.

ಒಂದಕ್ಕೊಂದು ಅವಲಂಬಿತವಾದ ಹತ್ತಾರು ಪ್ಯಾಕೇಜ್‌ಗಳಿದ್ದರೆ ಮಾತ್ರ ಯೋಚಿಸಬೇಕು. ಯಾವುದರ ನಂತರ ಯಾವುದು ಎಂಬುದನ್ನು ಆಜ್ಞಾಸಾಲಿನಲ್ಲಿ ನಾವೇ ಹೇಳಬೇಕಾಗುತ್ತದೆ. ಇದಕ್ಕೆ ಪರ್ಯಾಯವಾದ, ಓಪನ್‌ಸೂಸೆ ಎಂಬ ಇನ್ನೊಂದು ಲಿನಕ್ಸ್‌ನ ಬಿಲ್ಡ್ ಸರ್ವಿಸ್ ಅವಲಂಬನೆ ಬದಲಾದಾಗ ತಾನಾಗಿಯೇ ಮರು ಬಿಲ್ಡ್ ಮಾಡುತ್ತದೆ, ಡೆಬಿಯನ್ ಪ್ಯಾಕೇಜ್‌ಗಳನ್ನೂ ಕಟ್ಟಿಕೊಡುತ್ತದೆ. ಫೆಡೋರಾಗೆ ಸೀಮಿತವಾದ, ಬೆರಳೆಣಿಕೆಯ ಪ್ಯಾಕೇಜ್‌ಗಳನ್ನು ನೋಡಿಕೊಳ್ಳುವವರಿಗೆ ನನ್ನ ಶಿಫಾರಸು ಕಾಪರ್‌ಗೇ. ಬೆಂಬಲ ಮುಗಿದ ಫೆಡೋರಾ ಆವೃತ್ತಿಯ ಪ್ಯಾಕೇಜ್‌ಗಳನ್ನು ಅದು 180 ದಿನ ಉಳಿಸಿಕೊಂಡು ಆಮೇಲೆ ಅಳಿಸುತ್ತದೆ; ಹಳೆಯ ಆವೃತ್ತಿಯಲ್ಲೇ ಉಳಿದ ಬಳಕೆದಾರರು ನಿಮಗಿದ್ದರೆ, ಅವಧಿ ವಿಸ್ತರಿಸಿಕೊಳ್ಳಲು ಬರುವ ಇಮೇಲ್ ಅನ್ನು ಕಡೆಗಣಿಸಬೇಡಿ.