ಮನೆಯಲ್ಲಿ ಪೋಲ್ ಡ್ಯಾನ್ಸ್ ಕಂಬ: ಮೂರು ಮಳೆಗಾಲ ಕಳೆದ ಮೇಲೆ

ಪಾರ್ಸೆಲ್ ತಂದ ಹುಡುಗ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ, "ಏನ್ ಮೇಡಂ, ಕರ್ಟನ್ ರಾಡಾ? ಇಷ್ಟೊಂದು ಭಾರ?" ಅಂತ ಕೇಳಿದ್ದ. ಸುಮ್ನೆ ಹೂಂ ಅಂದುಬಿಟ್ಟೆ. ಆ ರಾಡು ಶಿವಮೊಗ್ಗದ ವಿನೋಬನಗರದ ನಮ್ಮ ಬಾಡಿಗೆ ಮನೆಯ ನಡುವಿನ ರೂಮಿನಲ್ಲಿ ಇವತ್ತಿಗೂ ನೆಟ್ಟಗೆ ನಿಂತಿದೆ. ಮೂರು ಮಳೆಗಾಲ ಕಂಡಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ತಗೊಂಡ ಎರಡೇ ವಾರಕ್ಕೆ ಐದು ಸ್ಟಾರ್ ಕೊಟ್ಟವರ ಮಾತು ಓದಿ ನಾನು ಕೊಂಡಿದ್ದು. ಅವರೆಲ್ಲ ಒಣ ಊರಿನವರು ಅಂತ ಆಮೇಲೆ ಗೊತ್ತಾಯಿತು.

ನನ್ನದು 45 ಮಿಲಿಮೀಟರ್ ದಪ್ಪದ, ಕ್ರೋಮ್ ಲೇಪದ ಕಂಬ. ಸ್ಪರ್ಧೆಗಳಲ್ಲಿ ಬಳಸುವುದೂ ಇದೇ ದಪ್ಪ. ಚಾವಣಿಗೆ ಮೊಳೆ, ಸ್ಕ್ರೂ ಏನೂ ಬೇಡ. ಗಾಡಿಗೆ ಜಾಕ್ ಕೊಟ್ಟ ಹಾಗೆ ಬುಡ ತಿರುಗಿಸಿದರೆ ಕಂಬ ಮೇಲಕ್ಕೆ ಏರಿ ಚಾವಣಿಗೆ ಒತ್ತಿ ನಿಲ್ಲುತ್ತದೆ. ಎಲ್ ಕೀಯಲ್ಲಿ ಸ್ಕ್ರೂ ಬಿಗಿದರೆ ಅಲುಗಾಡದ ಕಂಬ, ಸಡಿಲಿಸಿದರೆ ಗಿರ್ರಂತ ತಿರುಗುವ ಕಂಬ. ಬೆಲೆ ಆಗ 19 ಸಾವಿರ. ಕಂಪನಿ ಹೆಸರು ಹೇಳುವುದಿಲ್ಲ. ನನ್ನ ತಕರಾರುಗಳು ಒಂದು ಕಂಪನಿಗೆ ಸೇರಿದವಲ್ಲ, ಇಂಥ ಕಂಬಗಳಿಗೆಲ್ಲ ಹೆಚ್ಚುಕಡಿಮೆ ಇದೇ ಕಥೆ.

ಮೊದಲ ತಲೆನೋವು ಎತ್ತರ. ಪೆಟ್ಟಿಗೆಯಲ್ಲಿದ್ದ ತುಂಡುಗಳನ್ನೆಲ್ಲ ಜೋಡಿಸಿದರೆ 9 ಅಡಿ. ನಮ್ಮ ಚಾವಣಿ 10 ಅಡಿ. ಮಾರಿದವರು ಕೇಳಲಿಲ್ಲ, ನಾನು ಅಳೆಯಲಿಲ್ಲ. ಎಕ್ಸ್‌ಟೆನ್ಷನ್ ತುಂಡಿಗೆ ಮತ್ತೆ ದುಡ್ಡು, ಮತ್ತೆ ಹನ್ನೆರಡು ದಿನ ಕಾಯುವುದು. ನಮ್ಮ ಕಡೆ 10 ಅಡಿಯ ಚಾವಣಿ ಮಾಮೂಲಿ, ಹಾಗಾಗಿ ಮೊದಲು ಟೇಪ್ ಹಿಡಿಯಿರಿ, ಆಮೇಲೆ ಫೋನ್ ಹಿಡಿಯಿರಿ. ಆ ಹೆಚ್ಚುವರಿ ತುಂಡು ತುದಿಯಲ್ಲೇ ಇರಬೇಕು. ಕೈ ಓಡಾಡುವ ಕಡೆ ಜಾಯಿಂಟ್ ಬಂದರೆ ಚರ್ಮ ಕಚ್ಚುತ್ತದೆ.

ನಿಲ್ಲಿಸಲು ನಮ್ಮ ಓಣಿಯ ಗಾರೆ ಮೇಸ್ತ್ರಿಯನ್ನು ಕರೆದೆ. ಇದು ಏನು, ಯಾಕೆ, ಒಂದೂ ಕೇಳಲಿಲ್ಲ ಪುಣ್ಯಾತ್ಮ. ಕೋಲಲ್ಲಿ ಚಾವಣಿ ತಟ್ಟಿ, ಸದ್ದು ಕೇಳಿ, "ಇಲ್ಲಿ ಗಾರೆ ಪೊಳ್ಳಿದೆ ಅಕ್ಕ, ಒಂದಡಿ ಈಚೆ ತಗೊಳ್ಳಿ" ಅಂದ. ರಸಮಟ್ಟವನ್ನು ಕಂಬಕ್ಕೆ ಆನಿಸಿ ಸುತ್ತಲೂ ನೋಡಿದ. ಕೂದಲೆಳೆಯಷ್ಟು ವಾಲಿದ್ದರೂ ತಿರುಗುವಾಗ ಕಂಬ ನಮ್ಮನ್ನು ಒಂದೇ ಕಡೆಗೆ ಎಳೆಯುತ್ತದೆ. ಅವನು ಹೋದ ಮೇಲೆ, ಇನ್ನೂ ಭದ್ರ ಇರಲಿ ಅಂತ ನಾನು ಎರಡು ಸುತ್ತು ಜಾಸ್ತಿ ಬಿಗಿದೆ. ಚಾವಣಿಯ ಗಾರೆಯಲ್ಲಿ ಬಳೆಯಗಲದ ಬಿರುಕು. ಮನೆ ಓನರ್ ಇದನ್ನು ಓದದಿರಲಿ.

ಪಿಒಪಿ ಸೀಲಿಂಗ್ ಇರುವ ಮನೆಗೆ ಇದು ಆಗುವುದಿಲ್ಲ. ಹೆಂಚಿನ ಮನೆಗಂತೂ ಕೇಳಲೇಬೇಡಿ. ತೀರ್ಥಹಳ್ಳಿ ಹತ್ತಿರದ ನಮ್ಮ ಅಪ್ಪನ ಮನೆಯಲ್ಲಿ ಜಾಗ ಬೇಕಾದಷ್ಟಿದೆ. ಆದರೆ ಮಾಡು ಇಳಿಜಾರು. ಅಟ್ಟದ ಹಲಗೆಗೆ ಒತ್ತಿ ನಿಲ್ಲಿಸಿದರೆ ಕಂಬ ನಿಲ್ಲುವ ಬದಲು ಹಲಗೆ ಮೇಲೇಳುತ್ತದೆ. ಅಗಲವಾದ ಭಾರದ ಬುಡದ ಮೇಲೆ ತಾನೇ ನಿಲ್ಲುವ ಸ್ಟೇಜ್ ಕಂಬ ಬೇರೆ ಸಿಗುತ್ತದೆ. ಅದರ ಬೆಲೆ ನೋಡಿ ಪುಟ ಮುಚ್ಚಿದೆ.

ಇಷ್ಟೆಲ್ಲ ಮುಗಿದು ಕಂಬಕ್ಕೆ ಒಗ್ಗುವ ಹೊತ್ತಿಗೆ ಮಳೆ ಹಿಡಿಯಿತು. ಮೇ ತಿಂಗಳಲ್ಲಿ ಅಂಗೈಗೆ ಕಚ್ಚಿಕೊಳ್ಳುತ್ತಿದ್ದ ಕಂಬ ಆರಿದ್ರ ಮಳೆಯ ವಾರ ಬಾಳೆದಿಂಡಿನ ಹಾಗೆ ಜಾರತೊಡಗಿತು. ನನ್ನ ತೋಳಲ್ಲಿ ಕಸುವಿಲ್ಲ ಅಂದುಕೊಂಡು ದಿನಾ ದಂಡ ಹೊಡೆದೆ. ತಪ್ಪು ಲೆಕ್ಕ. ಕಂಬದ ಮೇಲೆ ನಮ್ಮನ್ನು ಹಿಡಿದಿಡುವುದು ಸ್ನಾಯು ಎಷ್ಟೋ ಚರ್ಮವೂ ಅಷ್ಟೇ. ಮಳೆಗಾಲದಲ್ಲಿ ಬೆವರು ಆರುವುದಿಲ್ಲ, ತಣ್ಣಗಿನ ಕಂಬದ ಮೇಲೆ ಗಾಳಿಯ ತೇವ ಬೇರೆ ಕೂರುತ್ತದೆ. ಚರ್ಮಕ್ಕೂ ಲೋಹಕ್ಕೂ ನಡುವೆ ನೀರಿನ ಪದರ ನಿಂತ ಮೇಲೆ ಎಂಥ ತೋಳಿದ್ದರೂ ಜಾರಲೇಬೇಕು.

ಇದು ತಲೆಗೆ ಹೋಗಿದ್ದು ಯಾವ ವಿಡಿಯೋ ಟೀಚರ್ ಹೇಳಿದ್ದರಿಂದಲೂ ಅಲ್ಲ. ಊರಿನ ನಮ್ಮ ತೋಟದಲ್ಲಿ ಅಡಿಕೆ ಮರ ಹತ್ತುವ ಕೊನೆಗಾರರಿಂದ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯಲು ಬಂದವರು ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಾ ಕೂತಿದ್ದರು. ಮಳೆ ನಿಂತು ಗಂಟೆಯಾಗಿತ್ತು. "ಹೊಳವಾಯ್ತಲ್ಲ, ಹತ್ತಲ್ವಾ?" ಅಂದೆ. "ಮಳೆ ನಿಂತ್ರೆ ಆಯ್ತಾ ಅಮ್ಮ, ಮರ ಆರಬೇಕಲ್ಲ" ಅಂದರು. ಆಮೇಲೆ ಅವರು ಕಾಲಿಗೆ ತಳೆ, ಅಂದರೆ ಎರಡೂ ಪಾದ ಸೇರಿಸುವ ಬಳೆಯಂಥ ಹಗ್ಗ, ಹಾಕಿಕೊಂಡು ಹತ್ತಿದ್ದನ್ನು ಮೊದಲ ಸಲ ಗಮನವಿಟ್ಟು ನೋಡಿದೆ. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಆದರೆ ನೋಡಿರಲಿಲ್ಲ. ಮೊದಲು ಪಾದ ಒತ್ತಿ ಮೈ ಎತ್ತುತ್ತಾರೆ, ಆಮೇಲೆ ಕೈ ಮೇಲೆ ಹೋಗುತ್ತದೆ. ನಾನು ಕೈಯಲ್ಲಿ ಎಳೆದುಕೊಂಡು ಹತ್ತುತ್ತಿದ್ದೆ. ಶಿವಮೊಗ್ಗಕ್ಕೆ ವಾಪಸ್ ಬಂದು, ಒಂದು ಕಾಲಿನ ಮುಂಗಾಲು ಮತ್ತು ಪಾದದ ಬೆನ್ನನ್ನು ಕಂಬಕ್ಕೆ ಒತ್ತಿ, ಇನ್ನೊಂದು ಕಾಲನ್ನು ಎದುರಿನಿಂದ ಕತ್ತರಿ ಹಾಕಿ, ಕಾಲ ಮೇಲೆ ಎದ್ದು ನಿಂತೆ. ಎರಡು ತಿಂಗಳಿಂದ ಆಗದ ಕ್ಲೈಂಬ್ ಅವತ್ತು ಆಯಿತು.

ಮರ ಆರಬೇಕು ಅನ್ನುವ ಮಾತನ್ನೂ ಹಾಗೇ ಪಾಲಿಸುತ್ತೇನೆ. ಮಳೆಗಾಲದಲ್ಲಿ ಹತ್ತುವ ಮೊದಲು ಫ್ಯಾನ್ ಹಾಕಿ ಅರ್ಧ ಗಂಟೆ ಬಿಡುತ್ತೇನೆ. ಆ ರೂಮಿನಲ್ಲಿ ಬಟ್ಟೆ ಒಣಹಾಕುವ ಹಾಗಿಲ್ಲ, ಇದಕ್ಕೆ ಮನೆಯಲ್ಲಿ ಪ್ರತಿ ಜುಲೈಯಲ್ಲೂ ಜಗಳ. ಆಮೇಲೆ ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ಟನ್ನು ಹಳೆ ಪಂಚೆಯ ತುಂಡಿಗೆ ಹಾಕಿ ಮೇಲಿನಿಂದ ಕೆಳಕ್ಕೆ ಒರೆಸುತ್ತೇನೆ. ದೇವರ ದೀಪ ಹತ್ತಿರ ಉರಿಯುತ್ತಿದ್ದರೆ ಆ ಬಾಟಲಿ ತೆಗೆಯಬೇಡಿ. ಅಂಗೈಗೆ ಲಿಕ್ವಿಡ್ ಚಾಕ್. ಅಂದರೆ ಮೆಗ್ನೀಷಿಯಂ ಕಾರ್ಬೊನೇಟ್ ಪುಡಿಯನ್ನು ಆಲ್ಕೋಹಾಲಿನಲ್ಲಿ ಕಲಸಿದ್ದು. ಹಚ್ಚಿದ ಮೇಲೆ ಅಂಗೈ ಒಣಗಿ ಸುಣ್ಣ ಬಳಿದ ಗೋಡೆ ಆಗಬೇಕು, ಅಲ್ಲಿವರೆಗೆ ಕಂಬ ಮುಟ್ಟಬಾರದು. ಟಾಲ್ಕಂ ಪೌಡರ್ ಬೇಡವೇ ಬೇಡ, ಅದು ಕೇರಂ ಬೋರ್ಡಿಗೆ ಸರಿ.

ಮತ್ತೆ ಎಣ್ಣೆ. ನಮ್ಮಲ್ಲಿ ಭಾನುವಾರ ಎಣ್ಣೆ ಸ್ನಾನ, ದಿನಾ ತಲೆಗೆ ಕೊಬ್ಬರಿ ಎಣ್ಣೆ, ಚಳಿಗಾಲದಲ್ಲಿ ಕೈಕಾಲಿಗೂ. ಜಡೆ ಕಂಬಕ್ಕೆ ಒಮ್ಮೆ ಸವರಿದರೂ ಅವತ್ತಿನ ಕ್ಲಾಸ್ ಮುಗಿದ ಹಾಗೆ. ಎಣ್ಣೆ ಸ್ನಾನ ಮಾಡಿದ ದಿನ ನಾನು ಬರೀ ಸ್ಟ್ರೆಚಿಂಗ್ ಮಾಡುತ್ತೇನೆ. ಬಾಡಿ ಲೋಷನ್ನಿಗೂ ಇದೇ ಮಾತು.

ಚಳಿಗಾಲದ ಕಷ್ಟ ಉಲ್ಟಾ. ಡಿಸೆಂಬರ್ ಬೆಳಗಿನ ಆರು ಗಂಟೆಗೆ ಸ್ಟೀಲು ಬಾವಿಯ ನೀರಿನಷ್ಟು ತಣ್ಣಗಿರುತ್ತದೆ, ಚರ್ಮ ಒಣಗಿ ಕಾಗದ ಆಗಿರುತ್ತದೆ. ಆಗ ಚಾಕ್ ಹಚ್ಚಿದರೆ ಇನ್ನೂ ಜಾರುತ್ತದೆ. ಬಿಸಿನೀರಿನ ಚೀಲವನ್ನು ಕಂಬಕ್ಕೆ ಉಜ್ಜಿ, ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು ಹತ್ತಿದರೆ ಹಿಡಿತ ಸಿಗುತ್ತದೆ. ಫೆಬ್ರವರಿಯಿಂದ ಮೇವರೆಗೆ ನನ್ನ ಕಂಬದಷ್ಟು ಒಳ್ಳೆಯ ಕಂಬ ಇನ್ನೊಂದಿಲ್ಲ.

ಕ್ರೋಮ್ ವಿಷಯಕ್ಕೆ ಬಂದರೆ, ಇದೇ ನನ್ನ ದೊಡ್ಡ ಪಶ್ಚಾತ್ತಾಪ. ಎರಡನೇ ಮಳೆಗಾಲಕ್ಕೆ ಸೊಂಟದ ಎತ್ತರದಲ್ಲಿ ಸಾಸಿವೆ ಕಾಳಿನಷ್ಟು ಎರಡು ತುಕ್ಕಿನ ಚುಕ್ಕೆ ಕಂಡವು. ಕಾಲುಂಗುರ ಗೀಚಿದ ಜಾಗ ಅದು. ಲೇಪ ಒಂದು ಕಡೆ ಎದ್ದರೆ ಅಲ್ಲಿಂದ ತೇವ ಒಳಗೆ ನುಗ್ಗುತ್ತದೆ, ಆಮೇಲೆ ಅದರ ಅಂಚು ಚರ್ಮ ಕೊಯ್ಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಲೇಪವೇ ಇಲ್ಲ, ಸುಲಿಯುವ ಭಯವಿಲ್ಲ, ಆದರೆ ಕ್ರೋಮಿಗಿಂತ ಸ್ವಲ್ಪ ಜಾರು. ಹಿತ್ತಾಳೆಗೆ ಒಳ್ಳೆಯ ಹಿಡಿತ, ಆದರೆ ದೇವರ ಪಾತ್ರೆಯ ಹಾಗೆ ತಿಕ್ಕುತ್ತಲೇ ಇರಬೇಕು. ಬಣ್ಣದ ಪೌಡರ್ ಕೋಟ್ ಕಂಬ ಸ್ವಲ್ಪ ಒರಟು, ತೇವದಲ್ಲೂ ಹಿಡಿಯುತ್ತದೆ. ಸಾಗರದ ಗೆಳತಿಯೊಬ್ಬಳು ತರಿಸಿದ್ದಾಳೆ, ಆಗಸ್ಟಿನಲ್ಲೂ ಅದರ ಮೇಲೆ ಕೂತು ಕಾಫಿ ಕುಡಿಯಬಹುದು. ತೊಡೆ ಮಾತ್ರ ಕೆಂಪಾಗುತ್ತದೆ. ಮಲೆನಾಡಿನಲ್ಲಿದ್ದು ಹೊಸದಾಗಿ ಕೊಳ್ಳುವವರು ಪೌಡರ್ ಕೋಟೇ ತಗೊಳ್ಳಿ ಅನ್ನುವುದು ನನ್ನ ಅಭಿಪ್ರಾಯ.

ಬಿದ್ದದ್ದನ್ನೂ ಹೇಳಬೇಕು. ಎರಡನೇ ವರ್ಷ, ಪುನರ್ವಸು ಮಳೆ, ಕರೆಂಟ್ ಇಲ್ಲ, ಫ್ಯಾನ್ ಇಲ್ಲ, ಮನೆಯಲ್ಲಿ ಯಾರೂ ಇಲ್ಲ. ಲೆಗ್ ಹ್ಯಾಂಗ್‌ನಲ್ಲಿ ತಲೆಕೆಳಗಾಗಿ ಮೊಣಕಾಲಿನ ಹಿಂಬದಿಯಿಂದ ತೂಗುತ್ತಿದ್ದೆ. ಕಂಬ ತಿರುಗದ ಹಾಗೆ ಹಿಡಿಯುವ ಸ್ಕ್ರೂ ಪೂರ್ತಿ ಬಿಗಿದಿರಲಿಲ್ಲ. ಕಂಬ ಕಾಲು ಸುತ್ತು ತಿರುಗಿತು, ಬೆವರಿದ ಮಂಡಿ ಬಿಟ್ಟಿತು. ಮ್ಯಾಟ್ ಮೇಲೆ ಭುಜ ಊರಿ ಬಿದ್ದೆ. ಮೂರು ವಾರ ಸೀರೆ ಸೆರಗು ಹೊದೆಯಲೂ ಕಷ್ಟ. ಆ ಮ್ಯಾಟ್ ಇರದಿದ್ದರೆ ಈ ವಿಮರ್ಶೆ ಇರುತ್ತಿರಲಿಲ್ಲ. ಅದನ್ನು ಮಾಡಿಕೊಟ್ಟಿದ್ದು ಇಲ್ಲಿನ ಹಾಸಿಗೆ ಅಂಗಡಿಯವರೇ: ನಾಲ್ಕು ಇಂಚಿನ ಗಟ್ಟಿ ಫೋಮ್, ಎರಡು ಹೋಳು, ನಡುವೆ ಕಂಬ ಹಿಡಿಸುವಷ್ಟು ಸಂದು, ಅಂಚಿಗೆ ವೆಲ್ಕ್ರೋ. ಹತ್ತಿ ಹಾಸಿಗೆ ಸಾಕು ಅಂತ ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ.

ಅಲ್ಲಿಂದ ಒಬ್ಬಳೇ ಇದ್ದಾಗ ಕಾಲು ತಲೆಗಿಂತ ಮೇಲೆ ಹೋಗುವುದಿಲ್ಲ. ಈಗ ಒಟ್ಟಿಗೆ ಕಲಿಯಲು ನಾವು ಐದು ಜನ ಇದ್ದೇವೆ. ಶುರುವಾದ ರೀತಿ ತಮಾಷೆಯದು. ಭರತನಾಟ್ಯ ಕಲಿಸುವ ಅಕ್ಕ ಒಬ್ಬರು ಮದುವೆ ಮನೆಯಲ್ಲಿ ನನ್ನ ಪಾದದ ಮೇಲಿನ ಕಪ್ಪು ಕಲೆ ನೋಡಿ, ಪಕ್ಕಕ್ಕೆ ಕರೆದು, "ಮನೆಯಲ್ಲಿ ಎಲ್ಲ ಸರಿ ಇದೆ ತಾನೇ?" ಅಂತ ಮೆಲ್ಲಗೆ ಕೇಳಿದರು. ಕಂಬ ಹತ್ತಿದ ಗುರುತು ಅಂದೆ. ಮುಂದಿನ ಶನಿವಾರ ಬಂದು ಕೂತರು. ಕಲೆಗಳು ಮೊದಲ ಆರು ತಿಂಗಳು ಜಾಸ್ತಿ, ಪಾದ, ಮುಂಗಾಲು, ಒಳತೊಡೆ ಎಲ್ಲ ಕಡೆ. ಆಮೇಲೆ ಚರ್ಮ ಒಗ್ಗುತ್ತದೆ. ಲೆಗ್ಗಿಂಗ್ಸ್ ಹಾಕಿಕೊಂಡು ಮಾಡಬಾರದಾ ಅಂತ ಎಲ್ಲರೂ ಕೇಳುತ್ತಾರೆ. ಹಾಕಿಕೊಂಡು ಪೋಲ್ ಸಿಟ್, ಅಂದರೆ ತೊಡೆಯಲ್ಲಿ ಕಂಬ ಹಿಡಿದು ಮೇಲೆ ಕೂರುವುದು, ಮಾಡಿ ನೋಡಿ, ಸೀದಾ ನೆಲಕ್ಕೆ ಬಂದು ಕೂರುತ್ತೀರಿ. ಚಡ್ಡಿ ನಾಚಿಕೆಗೇಡಿತನ ಅಲ್ಲ, ಹಿಡಿತದ ಸಲಕರಣೆ. ಕಿಟಕಿಗೆ ದಪ್ಪ ಪರದೆ ಹಾಕಿಸಿದೆ, ಈ ಸಲ ನಿಜವಾಗಿಯೂ ಕರ್ಟನ್ ರಾಡು ಬಂತು.

ಶನಿವಾರ ಸಂಜೆ ಬೆಂಗಳೂರಿನ ಟೀಚರ್ ಒಬ್ಬರು ಆನ್‌ಲೈನ್‌ನಲ್ಲಿ ಕಲಿಸುತ್ತಾರೆ. ಆದರೆ ನಿಜವಾದ ಕಲಿಕೆ ಫೋನ್ ಆಫ್ ಆದ ಮೇಲೆ. ಒಬ್ಬರು ಹತ್ತಿದರೆ ಒಬ್ಬರು ಪಕ್ಕದಲ್ಲಿ ನಿಂತು ಬೆನ್ನಿಗೆ, ಸೊಂಟಕ್ಕೆ ಕೈ ಕೊಡಬೇಕು. ಬೀಳುವವರನ್ನು ಹಿಡಿದು ಎತ್ತುವುದು ಆಗದ ಮಾತು, ತಲೆ ಕತ್ತು ಮೊದಲು ನೆಲಕ್ಕೆ ತಾಗದ ಹಾಗೆ ನೋಡಿಕೊಳ್ಳುವುದಷ್ಟೇ ಕೆಲಸ. ಬಲಗಡೆ ಐದು ಸಲ ಮಾಡಿದ್ದನ್ನು ಎಡಗಡೆಯೂ ಐದು ಸಲ ಮಾಡಿಸುವವರು ನಾಟ್ಯದ ಅಕ್ಕ. ಅವರ ಕಣ್ಣು ತಪ್ಪಿಸಿ ಒಂದು ಭುಜ ಮಾತ್ರ ಬೆಳೆಸಿಕೊಳ್ಳಲು ಆಗುವುದಿಲ್ಲ. ಉಂಗುರ, ಬಳೆ, ಗೆಜ್ಜೆ, ಕಾಲುಂಗುರ ಎಲ್ಲ ಬಿಚ್ಚಬೇಕು. ತಾಳಿ ಸರದ ಬಗ್ಗೆ ಮಾತ್ರ ತುಂಬ ದಿನ ಚರ್ಚೆ ನಡೆಯಿತು. ತಲೆಕೆಳಗಾದಾಗ ಸರ ಕತ್ತಿಗೆ ಬಿಗಿಯುತ್ತದೆ, ಅದು ಹುಡುಗಾಟ ಅಲ್ಲ. ನಮ್ಮ ಗುಂಪಿನ ಬ್ಯಾಂಕಿನ ಅಕ್ಕ ಕೊನೆಗೆ ತಾವೇ ದಾರಿ ಕಂಡುಕೊಂಡರು: ಬಂದ ಕೂಡಲೇ ನಮ್ಮ ದೇವರ ಮುಂದೆ ಬಟ್ಟಲಲ್ಲಿ ಇಟ್ಟು ಕೈಮುಗಿದು ಬರುತ್ತಾರೆ, ಹೋಗುವಾಗ ಹಾಕಿಕೊಳ್ಳುತ್ತಾರೆ. ವಿಡಿಯೋ ವಿಷಯದಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ತಪ್ಪು ತಿದ್ದಿಕೊಳ್ಳಲು ಅವರವರ ಫೋನಿನಲ್ಲೇ ತೆಗೆಯುವುದು, ಇನ್ನೊಬ್ಬರ ಕಾಲು ಕಂಡರೂ ಕೇಳದೆ ಎಲ್ಲೂ ಹಾಕುವ ಹಾಗಿಲ್ಲ. ಶಿವಮೊಗ್ಗ ಸಣ್ಣ ಊರು.

ನೆಂಟರು ಕೇಳಿದರೆ "ನಮ್ಮ ಮಲ್ಲಕಂಬದ ಹಾಗೇ" ಅನ್ನುವುದು ನಮ್ಮ ಗುಂಪಿನ ಸಿದ್ಧ ಉತ್ತರವಾಗಿತ್ತು. ದೊಡ್ಡಪ್ಪನ ಮುಂದೆ ಅದು ನಡೆಯಲಿಲ್ಲ. ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದವರು. ಕಂಬ ತಟ್ಟಿ ನೋಡಿ, "ಹರಳೆಣ್ಣೆ ಎಲ್ಲಿಟ್ಟಿದೀಯೇ?" ಅಂದರು. ಮಲ್ಲಕಂಬ ಮರದ್ದು, ಬುಡ ದಪ್ಪ, ತುದಿ ಸಣ್ಣ. ಮೈ ತರಚದಿರಲಿ ಅಂತ ಅದಕ್ಕೆ ಹರಳೆಣ್ಣೆ ಹಚ್ಚುತ್ತಾರೆ. ಇಲ್ಲಿ ಎಣ್ಣೆಯೇ ಶತ್ರು. ನಾನು ತಡವರಿಸಿದೆ, ಅವರು ನಕ್ಕರು. ಆಮೇಲಿಂದ ಇದ್ದದ್ದನ್ನೇ ಹೇಳುತ್ತೇನೆ. ನಾವು ಈಗ ಕಲಿಯುವ ಪಟ್ಟುಗಳಲ್ಲಿ ಎಷ್ಟೋ ಬೆಳೆದಿದ್ದು ಅಮೆರಿಕ, ಕೆನಡಾದ ಕ್ಲಬ್ಬುಗಳಲ್ಲಿ ಕುಣಿದು ಹೊಟ್ಟೆ ಹೊರೆದ ಹೆಂಗಸರಿಂದ. 2009ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಪೋಲ್ ಸ್ಪೋರ್ಟ್ಸ್ ಫೆಡರೇಷನ್ ಹುಟ್ಟಿತು. 2017ರಲ್ಲಿ ಕ್ರೀಡಾ ಒಕ್ಕೂಟಗಳ ಜಾಗತಿಕ ಸಂಘಟನೆ ಆ ಫೆಡರೇಷನ್ನಿಗೆ ವೀಕ್ಷಕ ಸ್ಥಾನ ಕೊಟ್ಟಿತು. ಇದನ್ನು ಹೇಳಿದರೆ ನೆಂಟರು ಸುಮ್ಮನಾಗುತ್ತಾರೆ. ಆದರೆ ಕಲಿಸಿಕೊಟ್ಟವರನ್ನು ಬಚ್ಚಿಟ್ಟು ಫೆಡರೇಷನ್ ಹೆಸರು ಮಾತ್ರ ಹೇಳುವುದು ನನಗೆ ಸರಿ ಕಾಣುವುದಿಲ್ಲ. ದೊಡ್ಡಪ್ಪನಿಗೆ ಎರಡೂ ಹೇಳಿದೆ. "ಏನಾದ್ರೂ ಇರ್ಲಿ, ಮೊದಲು ಹೆಗಲು ಗಟ್ಟಿ ಮಾಡ್ಕೋ" ಅಂದರು.

ಕಂಬಕ್ಕೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ಒಂದು ಅಂಕ ಕ್ರೋಮಿಗೆ ಹೋಯಿತು, ಅರ್ಧ ಬೇರಿಂಗಿಗೆ. ತಿರುಗುವಾಗ ಕಿರ್ ಕಿರ್ ಅನ್ನುತ್ತದೆ. ವರ್ಷಕ್ಕೊಮ್ಮೆ ಕಂಬ ಇಳಿಸಿ, ಒರೆಸಿ, ಗ್ರೀಸ್ ಹಾಕಿದರೆ ಕೆಲವು ತಿಂಗಳು ಸುಮ್ಮನಿರುತ್ತದೆ. ಈ ವಾರ ಮತ್ತೆ ಶುರು ಮಾಡಿದೆ. ಭಾನುವಾರ ಇಳಿಸಬೇಕು. ಮೇಸ್ತ್ರಿಗೆ ಫೋನ್ ಮಾಡಿ ರಸಮಟ್ಟ ಕೇಳಿದರೆ, "ಇನ್ನೂ ಒಂದು ತಗೊಂಡಿಲ್ವಾ ಅಕ್ಕ?" ಅಂದ.