ಆರು ವರ್ಷ ಆನ್ಸಿಬಲ್ ಬಳಸಿದ ಮೇಲೆ

ಪುಣೆಯ ಹಿಂಜವಡಿಯಲ್ಲಿರುವ ನಮ್ಮ ಕಚೇರಿಯಲ್ಲಿ ಸುಮಾರು ಎಂಬತ್ತು ಲಿನಕ್ಸ್ ಸರ್ವರ್‌ಗಳನ್ನು ನಾಲ್ವರು ನೋಡಿಕೊಳ್ಳುತ್ತೇವೆ. ಇದಕ್ಕೆ ನಾವು ಬಳಸುವುದು ಆನ್ಸಿಬಲ್, ಅಂದರೆ ಹಲವು ಸರ್ವರ್‌ಗಳನ್ನು ಒಂದೇ ಕಡೆಯಿಂದ ಬೇಕಾದ ಸ್ಥಿತಿಗೆ ತರುವ ಸಾಧನ. ಮೂವರು ಬೆಳಗಾವಿ, ಧಾರವಾಡದ ಕಡೆಯವರಾದ್ದರಿಂದ ಪ್ಲೇಬುಕ್‌ಗಳ (ಆನ್ಸಿಬಲ್ ಮಾಡಬೇಕಾದ ಕೆಲಸಗಳನ್ನು ಬರೆದಿಡುವ ಕಡತಗಳ) ಪರಿಶೀಲನೆ ಬಹುಪಾಲು ಕನ್ನಡದಲ್ಲೇ ನಡೆಯುತ್ತದೆ. ಇಂಥದೇ ಸಾಧನಗಳಾದ ಪಪೆಟ್ ಮತ್ತು ಶೆಫ್‌ಗಳಲ್ಲಿ ಸಾಮಾನ್ಯವಾಗಿ ಪ್ರತಿ ಸರ್ವರ್‌ನಲ್ಲೂ ಏಜೆಂಟ್ (ಆ ಸಾಧನದ ಸಹಾಯಕ ತಂತ್ರಾಂಶ) ಸ್ಥಾಪಿಸಬೇಕಾಗುತ್ತದೆ. 2012ರಲ್ಲಿ ಬಂದ, 2015ರಿಂದ ರೆಡ್ ಹ್ಯಾಟ್ ಒಡೆತನದಲ್ಲಿರುವ ಆನ್ಸಿಬಲ್‌ಗೆ ದೂರದ ಸರ್ವರ್‌ಗೆ ಸುರಕ್ಷಿತವಾಗಿ ಪ್ರವೇಶಿಸುವ ಎಸ್‌ಎಸ್‌ಎಚ್ ಮತ್ತು ಪೈಥಾನ್ ಭಾಷೆ ಇದ್ದರೆ ಸಾಕು ಎಂಬ ಕಾರಣಕ್ಕೆ ಅದನ್ನು ಆರಿಸಿಕೊಂಡೆವು. ಆ ಆಯ್ಕೆಯ ಬಗ್ಗೆ ಇಂದಿಗೂ ಸಮಾಧಾನವಿದೆ.

ಆದರೆ ಆನ್ಸಿಬಲ್‌ಗೆ ತಾನು ಹಿಂದೆ ಮಾಡಿದ ಕೆಲಸದ ನೆನಪಿರುವುದಿಲ್ಲ ಎಂಬುದನ್ನು ನಾವು ತಡವಾಗಿ ಅರಿತೆವು. ಗುತ್ತಿಗೆಯ ಮೇಲೆ ಬಂದಿದ್ದ ಒಬ್ಬರು ಕೆಲಸ ಬಿಟ್ಟಾಗ ನಾನು ಅವರ ಹೆಸರನ್ನು ಪ್ಲೇಬುಕ್‌ನಿಂದ ತೆಗೆದುಹಾಕಿ, ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ದಾಖಲಿಸಿ, ಕೆಲಸ ಮುಗಿಯಿತೆಂದು ಭಾವಿಸಿದ್ದೆ. ಮೂರು ತಿಂಗಳ ಬಳಿಕ ನಡೆದ ಆಂತರಿಕ ತಪಾಸಣೆಯಲ್ಲಿ ಆ ಖಾತೆಯೂ ಅದರ ಲಾಗಿನ್ ಕೀಲಿಯೂ ಎಲ್ಲ ಸರ್ವರ್‌ಗಳಲ್ಲಿ ಹಾಗೆಯೇ ಉಳಿದಿರುವುದು ಕಂಡುಬಂತು. ಸರ್ವರ್‌ನಂಥ ಮೂಲಸೌಕರ್ಯವನ್ನು ಕೋಡ್‌ನಿಂದ ಸೃಷ್ಟಿಸುವ ಟೆರಾಫಾರ್ಮ್ ಎಂಬ ಸಾಧನ ತಾನು ಸೃಷ್ಟಿಸಿದ್ದರ ಪಟ್ಟಿಯನ್ನು ಸ್ಟೇಟ್ ಕಡತದಲ್ಲಿ ಇಟ್ಟುಕೊಳ್ಳುವುದರಿಂದ, ಕೋಡ್‌ನಿಂದ ತೆಗೆದದ್ದನ್ನು ಅಳಿಸಲು ತಾನೇ ಸೂಚಿಸುತ್ತದೆ. ಆನ್ಸಿಬಲ್ ಬರೆದಿರುವುದನ್ನಷ್ಟೇ ನೆರವೇರಿಸುತ್ತದೆ. ಈಗ ನಾವು ಯಾವ ಖಾತೆಯ ಸಾಲನ್ನೂ ನೇರವಾಗಿ ಅಳಿಸದೆ, ಮೊದಲು ಅದರ ಸ್ಥಿತಿಯನ್ನು ‘ಆಬ್ಸೆಂಟ್’ (ಇರಬಾರದು) ಎಂದು ಬದಲಿಸಿ, ಎಲ್ಲ ಸರ್ವರ್‌ಗಳಲ್ಲೂ ಓಡಿಸಿ ಖಚಿತಪಡಿಸಿಕೊಂಡ ನಂತರವೇ ತೆಗೆಯುತ್ತೇವೆ.

ಹ್ಯಾಂಡ್ಲರ್‌ಗಳದ್ದು, ಅಂದರೆ ಏನಾದರೂ ಬದಲಾದಾಗ ಮಾತ್ರ ಕೊನೆಯಲ್ಲಿ ಓಡುವ ಕೆಲಸಗಳದ್ದು, ಇನ್ನೊಂದು ತೊಡಕು. ವೆಬ್ ಸರ್ವರ್ ತಂತ್ರಾಂಶವಾದ ಎಂಜಿನ್‌ಎಕ್ಸ್‌ನ ಕಾನ್ಫಿಗ್ (ಸಂರಚನೆ) ಕಡತ ಬದಲಾದ ಮೇಲೆ ಮುಂದಿನ ಯಾವುದೋ ಟಾಸ್ಕ್ (ಪ್ಲೇಬುಕ್‌ನ ಒಂದು ಹಂತ) ವಿಫಲವಾದರೆ, ರೀಲೋಡ್ ಮಾಡಬೇಕಾದ ಹ್ಯಾಂಡ್ಲರ್ ಓಡುವುದೇ ಇಲ್ಲ. ಎರಡನೆಯ ಬಾರಿ ಓಡಿಸಿದಾಗ ಕಡತ ಆಗಲೇ ಸರಿಯಾಗಿರುವುದರಿಂದ ಬದಲಾವಣೆ ಇಲ್ಲವೆಂದು ವರದಿಯಾಗುತ್ತದೆ, ಸೇವೆ ಮಾತ್ರ ಹಳೆಯ ಕಾನ್ಫಿಗ್‌ನಲ್ಲೇ ನಡೆಯುತ್ತಿರುತ್ತದೆ. ಟಾಸ್ಕ್ ವಿಫಲವಾದರೂ ಹ್ಯಾಂಡ್ಲರ್‌ಗಳನ್ನು ಓಡಿಸುವ ‘ಫೋರ್ಸ್ ಹ್ಯಾಂಡ್ಲರ್ಸ್’ ಆಯ್ಕೆಯನ್ನು ಮೊದಲ ದಿನದಿಂದಲೇ ಇಟ್ಟುಕೊಂಡಿದ್ದರೆ ನಮ್ಮ ಎಷ್ಟೋ ರಾತ್ರಿಗಳು ಉಳಿಯುತ್ತಿದ್ದವು.

ಚೆಕ್ ಮೋಡ್ (ಏನನ್ನೂ ಬದಲಿಸದೆ ಏನಾಗಲಿದೆ ಎಂದಷ್ಟೇ ಹೇಳುವ ಓಟ) ಮತ್ತು ಡಿಫ್‌ಗಳ (ಕಡತಗಳಲ್ಲಿ ಆಗುವ ವ್ಯತ್ಯಾಸ ತೋರಿಸುವ ಆಯ್ಕೆ) ಫಲಿತಾಂಶ ನೋಡದೆ ನಾವು ಏನನ್ನೂ ಪ್ರೊಡಕ್ಷನ್‌ಗೆ, ಅಂದರೆ ನಿಜ ಬಳಕೆಯ ಸರ್ವರ್‌ಗಳಿಗೆ, ಬಿಡುವುದಿಲ್ಲ. ಆದರೂ ಕಮಾಂಡ್‌ಗಳನ್ನು ನೇರವಾಗಿ ಓಡಿಸುವ ಶೆಲ್ ಮಾಡ್ಯೂಲ್‌ನ (ಮಾಡ್ಯೂಲ್ ಎಂದರೆ ಒಂದು ಬಗೆಯ ಕೆಲಸಕ್ಕೆಂದು ಆನ್ಸಿಬಲ್‌ನಲ್ಲಿರುವ ಘಟಕ) ಟಾಸ್ಕ್‌ಗಳನ್ನು ಚೆಕ್ ಮೋಡ್ ಸಾಮಾನ್ಯವಾಗಿ ಬಿಟ್ಟು ಮುಂದೆ ಹೋಗುವುದರಿಂದ, ಶೆಲ್ ಕಮಾಂಡ್‌ಗಳಿಂದ ತುಂಬಿದ ಪ್ಲೇಬುಕ್‌ನಲ್ಲಿ ಆ ಪರೀಕ್ಷೆಗೆ ಹೆಚ್ಚು ಅರ್ಥವಿಲ್ಲ. ಪ್ಯಾಕೇಜ್‌ಗೆ, ಬಳಕೆದಾರರಿಗೆ, ಸೇವೆಗೆ ಅವುಗಳದೇ ಮಾಡ್ಯೂಲ್ ಇರುವಾಗ ಅದನ್ನೇ ಬಳಸಬೇಕೆಂದು ಹೊಸಬರಿಗೆ ಪಟ್ಟುಹಿಡಿದು ಹೇಳುತ್ತೇನೆ.

ಪಾಸ್‌ವರ್ಡ್‌ಗಳಿಗೆ, ಅವನ್ನು ಗೂಢಲಿಪಿಯಲ್ಲಿಡುವ ಆನ್ಸಿಬಲ್ ವಾಲ್ಟ್ ನಮಗೆ ಸಾಕಾಗಿದೆ. ವೇಗದ ವಿಷಯದಲ್ಲಿ ಮಾತ್ರ ನಿರಾಸೆಯಿದೆ: ಒಂದೇ ಬಾರಿಗೆ ಐದು ಸರ್ವರ್‌ಗಳೆಂಬ ಮೂಲ ಮಿತಿಯನ್ನು ಇಪ್ಪತ್ತಕ್ಕೆ ಏರಿಸಿ, ಎಸ್‌ಎಸ್‌ಎಚ್ ಸಂಪರ್ಕದ ಕೆಲಸ ಕಡಿಮೆ ಮಾಡುವ ಪೈಪ್‌ಲೈನಿಂಗ್ ಹಾಕಿದ ಮೇಲೂ ನಮ್ಮ ಪೂರ್ಣ ಓಟಕ್ಕೆ ಇಪ್ಪತ್ತೈದು ನಿಮಿಷ ಬೇಕಾಗುತ್ತದೆ. ನಮ್ಮಷ್ಟೇ ಗಾತ್ರದ ತಂಡಗಳಿಗೆ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಸಾವಿರಾರು ಸರ್ವರ್‌ಗಳನ್ನು ನಿರಂತರವಾಗಿ ಒಂದೇ ಸ್ಥಿತಿಯಲ್ಲಿಡಬೇಕಾದವರು ಏಜೆಂಟ್ ಆಧಾರಿತ ಸಾಧನಗಳನ್ನೂ ಪರೀಕ್ಷಿಸಿ ನೋಡುವುದು ಒಳ್ಳೆಯದು.